ಪದಚರ್ಚೆ: ಒಪ್ಪಿಗೆ ಪತ್ರಕ್ಕೆ "ಹೊಣೆ"ಯೋ, "ಜವಾಬ್ದಾರಿ"ಯೋ?

ಪ್ರಶ್ನೆ
ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ನೀರಿನ ಕೊರತೆಯ ಬಗ್ಗೆ ನಿವಾಸಿಗಳೇ ಮನೆಮನೆಗೆ ಹೋಗಿ ವಿವರ ಕಲೆಹಾಕುತ್ತಿದ್ದಾರೆ. ಯಾವ ಮನೆಗೆ ಮೊದಲು ನೀರು ಕೊಡಬೇಕೆಂಬ ಪಟ್ಟಿಯನ್ನು ಎಐ ತಂತ್ರಾಂಶ ಸಿದ್ಧಪಡಿಸುತ್ತದೆ. ಮನೆಯವರು ಸಹಿ ಹಾಕಬೇಕಾದ ಪತ್ರ ನಾಳೆ ಮುದ್ರಣಕ್ಕೆ ಹೋಗಬೇಕು. ತಲೆಬರಹ "ದತ್ತಾಂಶ ಮತ್ತು ಕೃತಕ ಬುದ್ಧಿಮತ್ತೆಯ ನೈತಿಕ ಬಳಕೆ" ಎಂದಿದೆ. ಓದಿದವರೆಲ್ಲ ಹುಬ್ಬು ಗಂಟಿಕ್ಕುತ್ತಾರೆ. "ನೈತಿಕ"ದ ಜಾಗದಲ್ಲಿ ಏನು ಹಾಕಲಿ?

ಉತ್ತರ 1
"ಹೊಣೆಯರಿತ ಬಳಕೆ". ಚರ್ಚೆಯೇ ಬೇಡ. ಹಳಗನ್ನಡದ ಪೊಣೆ, ಅಂದರೆ ಜಾಮೀನು. ನಮ್ಮದೇ ಪದ ಇರುವಾಗ "ಜವಾಬ್ದಾರಿ"ಯ ಕಡೆ ತಲೆಹಾಕಬೇಡಿ. "ಕೃತಕ"ವನ್ನೂ ಕಿತ್ತುಹಾಕಿ, ಕೃತಕ ನಗು ಎಂದರೆ ಸುಳ್ಳು ನಗು.

ಉತ್ತರ 2
ಅಚ್ಚಗನ್ನಡ ಎಂಬ ಒಂದೇ ಕಾರಣಕ್ಕೆ ಪದ ಗೆಲ್ಲುವುದಿಲ್ಲ. ಜವಾಬು ಅರಬ್ಬಿಯದು, "ದಾರ್" ಪಾರಸಿಯದು. ಸೇರಿದರೆ ಉತ್ತರ ಕೊಡಬೇಕಾದವನು. ಇಲ್ಲಿ ಬೇಕಿರುವುದು ಆ ಅರ್ಥವೇ. ತಂತ್ರಾಂಶಕ್ಕೆ ಹಳೆಯ ನಲ್ಲಿ ಸಂಪರ್ಕಗಳ ದಾಖಲೆಯನ್ನು ಉಣಿಸಿದರೆ, ದಾಖಲೆಯಲ್ಲೇ ಇಲ್ಲದ ಬಾಡಿಗೆ ಕೋಣೆಗಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿರುವಾಕೆ ಬಂದು "ನಮ್ಮ ಹೆಸರು ಏಕಿಲ್ಲ?" ಎಂದು ಕೇಳಿದಾಗ "ಕಂಪ್ಯೂಟರ್ ಹಾಗೆ ಹೇಳಿತು" ಎಂಬುದು ಜವಾಬಲ್ಲ. ಪಟ್ಟಿಯನ್ನು ತಿದ್ದುವ ಅಧಿಕಾರ ಇರುವ ಮನುಷ್ಯ ಯಾರು, ಎಲ್ಲಿ ಸಿಗುತ್ತಾರೆ ಎಂಬುದನ್ನು ಪತ್ರದಲ್ಲೇ ಬರೆಯಿರಿ.

"ನೈತಿಕ" ಬೇಡವೆಂಬುದಕ್ಕೆ ನನ್ನದೂ ಸಹಮತ. ಮೂಲನಿವಾಸಿ ಸಮುದಾಯಗಳ ದತ್ತಾಂಶಕ್ಕಾಗಿ 2019ರಲ್ಲಿ ಹೊರಬಂದ "ಕೇರ್" ತತ್ತ್ವಗಳು ಸಮುದಾಯದ ಹಿತ, ನಿಯಂತ್ರಣದ ಅಧಿಕಾರ, ಹೊಣೆಗಾರಿಕೆ, ನೀತಿ ಎಂದು ನಾಲ್ಕನ್ನು ಬೇರೆಬೇರೆಯಾಗಿಯೇ ಹೇಳುತ್ತವೆ. ನೀತಿಯ ಹೆಸರಿನಲ್ಲಿ ಉಳಿದ ಮೂರನ್ನು ನುಂಗಬಾರದು.

ಇನ್ನು "ದತ್ತಾಂಶ". ದತ್ತ ಎಂದರೆ ಕೊಟ್ಟದ್ದು. ಲ್ಯಾಟಿನ್ನಿನ "ಡೇಟಮ್" ಕೂಡ ಕೊಟ್ಟದ್ದೇ. ಎರಡರ ಧಾತುವೂ ಒಂದೇ ಮೂಲದ್ದು. ಕೇಳದೆ ಎತ್ತಿಕೊಂಡದ್ದು ದತ್ತವಾಗದು! ಆದರೂ ಬಾಗಿಲಲ್ಲಿ ನಿಂತು ಸಹಿ ಹಾಕುವವರಿಗೆ "ನಿಮ್ಮ ಮನೆಯ ವಿವರ" ಎಂದರೆ ಸಾಕು.

ಉತ್ತರ 1ರವರು ಮತ್ತೆ
ವ್ಯುತ್ಪತ್ತಿಯಿಂದ ಎರವಲನ್ನು ಸಮರ್ಥಿಸಲು ಹೊರಟರೆ ನಿಘಂಟಿನಲ್ಲಿ ಕನ್ನಡವೇ ಉಳಿಯದು. ಜಾಮೀನು ನಿಂತವನೂ ಉತ್ತರ ಕೊಡಲೇಬೇಕು, ನಷ್ಟವನ್ನೂ ತುಂಬಬೇಕು. ಹೊಣೆಯ ತೂಕ ಜವಾಬಿಗೆ ಇಲ್ಲ.

ಪ್ರಶ್ನೆ ಕೇಳಿದವರು
ಸಮಯವಿಲ್ಲ. ಹೀಗೆ ಬರೆದಿದ್ದೇನೆ: "ನಿಮ್ಮ ಮನೆಯ ವಿವರವನ್ನು ನೀರಿನ ಪಟ್ಟಿಗೆ ಮಾತ್ರ ಬಳಸಲಾಗುವುದು. ಪಟ್ಟಿಯನ್ನು ಎಐ ತಯಾರಿಸುತ್ತದೆ. ತಪ್ಪಿದ್ದರೆ ಹೊಣೆ ನಮ್ಮದು. ಕೆಲಸ ಮುಗಿದ ಮೇಲೆ ವಿವರಗಳನ್ನು ಅಳಿಸಲಾಗುವುದು."

ಉತ್ತರ 2ರವರು
"ಹೊಣೆ" ಇರಲಿ, ಬಿಟ್ಟುಕೊಟ್ಟೆ. ಆದರೆ "ಬಳಸಲಾಗುವುದು", "ಅಳಿಸಲಾಗುವುದು" ಎರಡನ್ನೂ ಹೊಡೆದುಹಾಕಿ. ಅವುಗಳಿಗೆ ಕರ್ತೃವೇ ಇಲ್ಲ. ಅಳಿಸುವವರು ಯಾರು? "ಬಳಸುತ್ತೇವೆ", "ಅಳಿಸುತ್ತೇವೆ" ಎಂದು ಬರೆದು, ಕೆಳಗೆ ನಿಮ್ಮ ತಂಡದವರೊಬ್ಬರ ಹೆಸರು, ದೂರವಾಣಿ ಸಂಖ್ಯೆ ಹಾಕಿ.

ಉತ್ತರ 1ರವರು
ಇದಕ್ಕೆ ನನ್ನ ತಕರಾರಿಲ್ಲ. "ಎಐ"ಗೆ ಇದೆ, ಅದನ್ನು ನಾಳೆ ಬರೆಯುತ್ತೇನೆ.