ಕೊನೆಯ ಮೆಟ್ಟಿಲಿನಲ್ಲಿ ನಿಂತ ಕಥೆ

ಚಿಕ್ಕಪ್ಪ: ನೀನು ಗುಂಪಿಗೆ ಹಾಕಿದ ಕಿರುಕಾದಂಬರಿಯನ್ನು ರಾತ್ರಿಯೇ ಓದಿದೆ. ಆರನೆಯ ಸಲ ಕಥಾನಾಯಕಿ ಗ್ರಂಥಾಲಯದ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಾಳೆ, ಕೆಳಗೆ ಯಾರೋ ಕೆಮ್ಮುತ್ತಾರೆ, ಕಥೆ ಅಲ್ಲಿಗೇ ನಿಂತುಬಿಡುತ್ತದೆ. ಕೆಮ್ಮಿದವನು ಅಲ್ಲಿ ಅವಳಿಗಾಗಿ ಕಾಯುವ ಪ್ರಿಯಕರನೇ ಹೌದೋ ಅಲ್ಲವೋ ಎಂಬುದನ್ನಾದರೂ ಹೇಳಬೇಡವೇ? ಇದು ಅರ್ಧಕ್ಕೆ ಕೈಬಿಟ್ಟ ಕಾದಂಬರಿ.

ನಾನು: ಚಿಕ್ಕಪ್ಪ, ಗಾತ್ರ ಕಿರಿದಾದ ಮಾತ್ರಕ್ಕೆ ಅದನ್ನು ಅರ್ಧ ಎನ್ನಬೇಡಿ. ವೈಜ್ಞಾನಿಕ ಕಾಲ್ಪನಿಕ ಸಾಹಿತ್ಯಕ್ಕೆ ಕೊಡುವ ಹ್ಯೂಗೊ ಪ್ರಶಸ್ತಿಯಲ್ಲಿ 17,500ರಿಂದ 40,000 ಪದಗಳ ಕಥೆಗಳಿಗೆ ಪ್ರತ್ಯೇಕ ವಿಭಾಗವೇ ಇದೆ. 1895ರಲ್ಲಿ ಎಚ್.ಜಿ. ವೆಲ್ಸ್ ಬರೆದ 'ದಿ ಟೈಮ್ ಮಷೀನ್' ಕೊನೆಗೊಳ್ಳುವಾಗ ಕಾಲಯಾತ್ರಿಕ ಹೊರಟು ಮೂರು ವರ್ಷವಾಗಿರುತ್ತದೆ. ಅವನು ಹಿಂತಿರುಗುವುದೇ ಇಲ್ಲ.

ಅಕ್ಕ: ಆ ಹೋಲಿಕೆ ಇಲ್ಲಿ ಹೊಂದುವುದಿಲ್ಲ ಕಣೋ. ಅಲ್ಲಿ ಹೋದವನು ಒಬ್ಬನೇ. ಇಲ್ಲಿ ಕೆಳಗೊಬ್ಬ ಕಾಯುತ್ತಿದ್ದಾನೆ. ಅವಳಿಗೆ ಒಂದು ವಾರವೆಂದರೆ ಅವನಿಗೆ ಏಳು ವರ್ಷ. ಮೊದಲ ಭೇಟಿಯಲ್ಲಿ 24ರ ಯುವಕನಾಗಿದ್ದವನು ಆರನೆಯದರ ಹೊತ್ತಿಗೆ 59 ದಾಟುತ್ತಿರುವಾಗ, ಅವಳಿಗೆ ಕಳೆದಿರುವುದು ಐದೇ ವಾರ.

ನಾನು: ಅದಕ್ಕೇ ಕೆಮ್ಮು ಸಾಕು ಎನ್ನುತ್ತಿದ್ದೇನೆ ಅಕ್ಕ. ಅವನು ಪುಸ್ತಕ ಹೊಲಿದು ರಟ್ಟು ಹಾಕುವವನು. ಮೊದಲ ಭೇಟಿಯಲ್ಲಿ ಮಾತನಾಡುತ್ತಲೇ, ನೋಡದೆಯೇ ಸೂಜಿಗೆ ದಾರ ಪೋಣಿಸುತ್ತಾನೆ. ನಾಲ್ಕನೆಯದರಲ್ಲಿ ಚಾಳೀಸು ಬಂದ ಕಣ್ಣಿನಿಂದ ಸೂಜಿಯನ್ನು ಬೆಳಕಿಗೆ ಹಿಡಿದು, ದಾರದ ತುದಿಯನ್ನು ಬಾಯಲ್ಲಿ ನೆನೆಸಿ ಮೂರು ಸಲ ಸೋತಾಗ, ಅವಳು ಏನೂ ಹೇಳದೆ ಸೂಜಿ ತೆಗೆದುಕೊಂಡು ಪೋಣಿಸಿಕೊಡುತ್ತಾಳೆ. ಅವರ ಪ್ರೀತಿಯ ಬಗ್ಗೆ ನನಗೆ ಅದಕ್ಕಿಂತ ಹೆಚ್ಚಿನ ಮಾತು ಬೇಕಿರಲಿಲ್ಲ. ನನಗೂ ಇನ್ನಷ್ಟು ಬೇಕೆನ್ನಿಸಿದ್ದು ನಿಜ, ಆದರೆ ಕೊನೆಯಲ್ಲಲ್ಲ. ಮೂರನೆಯ ಭೇಟಿಯಲ್ಲಿ ಅವನು, ಬಂದ ಸಂಬಂಧವೊಂದನ್ನು ಬೇಡವೆಂದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನಲ್ಲ, ಆ ಏಳು ವರ್ಷಗಳಿಗೆ ಲೇಖಕಿ ಒಂದು ಪುಟವನ್ನೂ ಕೊಡದಿರುವುದು ದೊಡ್ಡ ಕೊರತೆ.

ಅತ್ತೆ: ನನಗೆ ರೇವತಿ ನೆನಪಾದಳು. ಮಗಳಿಗೆ ತಕ್ಕ ವರ ಯಾರೆಂದು ಕೇಳಲು ಕಕುದ್ಮಿ ರಾಜ ಅವಳನ್ನು ಬ್ರಹ್ಮಲೋಕಕ್ಕೆ ಕರೆದೊಯ್ದು, ಗಾಯನ ಮುಗಿಯಲೆಂದು ಕ್ಷಣಕಾಲ ಕಾದದ್ದಕ್ಕೆ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿದ್ದವು. ಅವನ ಮನಸ್ಸಿನಲ್ಲಿದ್ದ ವರರ ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. ಅವಳನ್ನು ಬಲರಾಮನಿಗೆ ಕೊಟ್ಟರು ಎಂದು ಭಾಗವತ ಹೇಳುತ್ತದೆಯೇ ಹೊರತು, ಪರಿಚಿತ ಮುಖವೊಂದೂ ಇಲ್ಲದ ಲೋಕಕ್ಕೆ ಇಳಿದ ಆ ಹುಡುಗಿಗೆ ಹೇಗನ್ನಿಸಿತು ಎಂದು ಹೇಳುವುದಿಲ್ಲ. ಚಿಕ್ಕಂದಿನಿಂದ ನನಗೆ ಅದನ್ನು ತಿಳಿಯುವ ಆಸೆ. ಹೇಳದೆ ಬಿಟ್ಟದ್ದೆಲ್ಲ ಚೆಲುವೆಂದು ನೀವು ವಾದಿಸಿದರೆ ನಾನು ಒಪ್ಪಲಾರೆ.

ನಾನು: ನಾನೂ ಒಪ್ಪುವುದಿಲ್ಲ ಅತ್ತೆ. ಕಾದವನ ಮನಸ್ಸನ್ನು ಹೇಳದಿದ್ದುದು ತಪ್ಪು. ಕಾಯುವಿಕೆಯ ಫಲವನ್ನು ಹೇಳದಿದ್ದುದು ಸರಿ. ಕೆಳಗಿರುವವನು ಅವನೇ ಎಂದು ಬರೆದುಬಿಟ್ಟರೆ, ಕೊನೆಯ ಮೆಟ್ಟಿಲಿನಲ್ಲಿ ಅವಳು ಪಡುವ ಭಯವನ್ನು ನಾವು ಅವಳ ಜೊತೆ ಪಡುವುದಿಲ್ಲ.

ಚಿಕ್ಕಪ್ಪ: ಕೊನೆಯ ಬಗ್ಗೆ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನೀನು ಸೂಜಿಯ ಮಾತೆತ್ತಿದ ಮೇಲೆ ಐದನೆಯ ಭೇಟಿಯನ್ನು ಮತ್ತೆ ಓದಿದೆ. ಅವಳು ಇಳಿದು ಬರುವಷ್ಟರಲ್ಲಿ ಮೇಜಿನ ಮೇಲೆ ದಾರ ಪೋಣಿಸಿದ ನಾಲ್ಕು ಸೂಜಿಗಳು ಸಾಲಾಗಿ ಇವೆ. ಅವನಿಗಾಗ 52 ವರ್ಷ, ಕನ್ನಡಕದ ಸುಳಿವು ಎಲ್ಲಿಯೂ ಇಲ್ಲ. ಅವುಗಳಿಗೆ ದಾರ ಪೋಣಿಸಿಕೊಟ್ಟವರು ಯಾರು?