ಹಕ್ಕಿಗಳು ಬರೋ ಹಾಗೆ ಹೂವು ಹಣ್ಣು ಎರಡೂ ಬಿಡೋ ಪೊದೆ ಗಿಡ ಯಾವ್ದು ಹಾಕ್ಲಿ?

ಹೊಸಚಿಗುರು: ಕಾಂಪೌಂಡ್ ಉದ್ದಕ್ಕೂ ಡುರಾಂಟಾ ಬೇಲಿ ಇದೆ, ಸೊಂಪಾಗೇ ಬೆಳೆದಿದೆ, ಆದ್ರೆ ಹೂವೇ ಇಲ್ಲ, ಹೂವಿಲ್ಲ ಅಂದ್ಮೇಲೆ ಹಣ್ಣೆಲ್ಲಿಂದ ಬರ್ಬೇಕು. ಶೇಪ್ ಕೆಡಬಾರ್ದು ಅಂತ ಆಗಾಗ ಟ್ರಿಮ್ ಮಾಡಿಸ್ತೀವಿ. ಪಿಕಳಾರ, ಕುಟ್ರುಹಕ್ಕಿ ಬಂದು ಹಣ್ಣು ತಿನ್ನೋದು ನೋಡ್ಬೇಕು ಅಂತ ತುಂಬಾ ಆಸೆ. ಇದನ್ನ ಕಿತ್ತು ಬೇರೆ ಹಾಕೋದಾ? ಮನೇಲಿ ಚಿಕ್ಕ ಮಗು ಇದೆ, ಅದನ್ನೂ ಯೋಚ್ನೆ ಮಾಡಿ ಹೇಳಿ.

ಪೊದೆಪ್ರಿಯ: ಕೀಳ್ಬೇಡಿ! ಡುರಾಂಟಾ ಹೂ ಬಿಡೋದೇ ಹೊಸ ಚಿಗುರಿನ ತುದೀಲಿ, ಆ ತುದೀನೇ ಪ್ರತಿ ಸಲ ಸವರಿ ಹಾಕ್ತಿದ್ರೆ ಗಿಡ ಇನ್ನಷ್ಟು ಎಲೆ ಬಿಡುತ್ತೆ ಅಷ್ಟೇ. ಒಂದು ಮೂಲೇಲಿರೋ ಗಿಡಗಳಿಗೆ ಕತ್ತರಿ ಮುಟ್ಟಿಸದೆ ಬಿಟ್ಬಿಡಿ, ಕೊಂಬೆ ಉದ್ದಕ್ಕೆ ಬಾಗಿ ನೀಲಿ ಹೂವಿನ ಗೊಂಚಲು ಜೋತು ಬೀಳುತ್ತೆ, ಒಂದೇ ಗೊಂಚಲಲ್ಲಿ ಮೇಲ್ಗಡೆ ಹಳದಿ ಹಣ್ಣು ಮಣಿ ಪೋಣಿಸಿದ ಹಾಗೆ ಕೂತಿರುತ್ತೆ, ಕೆಳಗೆ ತುದೀಲಿ ಇನ್ನೂ ಹೂವು ಅರಳ್ತಿರುತ್ತೆ, ಅಷ್ಟು ಚೆಂದ. ದಿನಕ್ಕೆ 6 ಗಂಟೆಯಾದ್ರೂ ಬಿಸಿಲು ಬೀಳ್ಬೇಕು. ಯೂರಿಯಾ ಸುರೀಬೇಡಿ, ಬರೀ ಎಲೆ ಬರುತ್ತೆ.

ಕೆಂಪುಕೇಪಳ: ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಮಗು ವಿಷ್ಯ ಬಿಟ್ಟೇ ಹೋಯ್ತು. ಡುರಾಂಟಾ ಹಣ್ಣು ಹಕ್ಕಿಗಳು ಆರಾಮಾಗಿ ತಿಂತವೆ, ಮನುಷ್ಯರಿಗೆ, ನಾಯಿಗೆ ವಿಷ. ಹಾಗಾಗಿ ಕತ್ತರಿಸದೆ ಬಿಡೋ ಭಾಗ ಮಗು ಆಡೋ ಕಡೆ ಬೇಡ. ಆ ಕಡೆ ಕೇಪಳ ಹಾಕಿ, ಅದರ ಕೆಂಪು ಹಣ್ಣು ನಾವೂ ತಿನ್ಬಹುದು. ಕಾಡಿನ ಕೇಪಳಾನೇ ಹುಡುಕಿ, ನರ್ಸರಿಯ ಕುಳ್ಳ ತಳಿಗಳು ಹೂವು ರಾಶಿ ಬಿಟ್ರೂ ಹಣ್ಣು ಕಡಿಮೆ. ಸೂರಕ್ಕಿ ಬೇಕಂದ್ರೆ ಹಮೇಲಿಯಾ ಒಳ್ಳೇದು, ಕೇಸರಿ ಕೊಳವೆ ಹೂವಿಗೆ ಅವು ಬರ್ತವೆ, ಆಮೇಲೆ ಕಪ್ಪು ಹಣ್ಣಿಗೆ ಬೇರೆ ಹಕ್ಕಿಗಳು.

ಹಕ್ಕಿಗಣ್ಣು: ಎರಡು ಗಿಡ ಮಾತ್ರ ಬೇಡ. ಒಂದು ಲಂಟಾನಾ, ಹಕ್ಕಿ ತಿಂದು ಬೀಜ ಎಲ್ಲೆಲ್ಲೋ ಉದುರ್ಸಿ ಕಾಡೆಲ್ಲಾ ಅದೇ ತುಂಬ್ಕೊಳುತ್ತೆ. ಇನ್ನೊಂದು ನಂದಿನಾ, ಕೆಂಪು ಗೊಂಚಲು ನೋಡಿ ಮರುಳಾಗ್ಬೇಡಿ, ಅದರಲ್ಲಿ ಸಯನೈಡ್ ಅಂಶ ಇದೆ, 2009ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಗಳು ಅದನ್ನ ಹೊಟ್ಟೆ ಬಿರಿಯೋ ಹಾಗೆ ತಿಂದು ಸತ್ತಿದ್ವು.

ಹೊಸಚಿಗುರು: ತುಂಬಾ ಥ್ಯಾಂಕ್ಸ್, ಹಿಂದಿನ ಗೋಡೆ ಕಡೆ ಡುರಾಂಟಾ ಹಾಗೇ ಬಿಡ್ತೀನಿ, ಮುಂದೆ ಕೇಪಳ. ಬಿಳಿ ಹಿಟ್ಟುತಿಗಣೆ ಬಂದ್ರೆ ಔಷಧಿ ಹೊಡೀಬಹುದಾ?

ಹಕ್ಕಿಗಣ್ಣು: ದಯವಿಟ್ಟು ಬೇಡ. ನೀರು ಜೋರಾಗಿ ಹಾಯ್ಸಿ ತೊಳೀರಿ, ಜಾಸ್ತಿ ಹತ್ತಿದ ಕೊಂಬೆ ಕಡಿದು ಹಾಕಿ. ವಿಷ ಹೊಡೆದ್ರೆ ಜೇನು ಸಾಯುತ್ತೆ, ಹೂವು ಕಾಯಿ ಕಟ್ಟಲ್ಲ, ಅದೂ ಅಲ್ದೆ ಪಿಕಳಾರ ಮರಿಗೆ ಹುಳ ಹಿಡಿದು ತಿನ್ಸೋದು ಅದೇ ಗಿಡದಿಂದ.