ದೋಣಿ ತಳಕ್ಕೆ ವ್ಯಾಕ್ಸ್: ಗಂಗೊಳ್ಳಿ ಮನೆ ಗುಂಪಿನ ಚರ್ಚೆ

ತಮ್ಮ: ಈ ಸಲವೂ ಫೈಬರ್ ದೋಣಿ ತಳಕ್ಕೆ ವ್ಯಾಕ್ಸ್ ಹಾಕ್ಸೋಣ. ಎರಡು ಡಬ್ಬಿ, ದುಡ್ಡು ಐದು ಪಾಲು. ಹೋದ ಸಲ ಹಾಕಿದ್ಮೇಲೆ ಜಿಪಿಎಸ್‌ನಲ್ಲಿ ವೇಗ ಗಂಟೆಗೆ 13 ಇದ್ದದ್ದು 15 ಕಿ.ಮೀ. ತೋರಿಸ್ತು.

ಭಾವ: ಆ 2 ಕಿ.ಮೀ. ವ್ಯಾಕ್ಸಿಂದಲ್ಲ. ಹಚ್ಚೋ ಮೊದಲು ತಳ ಕೆರೆದು ತೊಳೆದ್ರಲ್ಲ, ಲೋಳೆ, ಚಿಪ್ಪು ಎಲ್ಲ ಹೋಯ್ತಲ್ಲ, ಅದರಿಂದ.

ತಮ್ಮ: ವ್ಯಾಕ್ಸ್ ಮೇಲೆ ನೀರು ಹನಿಹನಿಯಾಗಿ ಜಾರುತ್ತಲ್ಲ ಭಾವ, ಅಂದ್ರೆ ನೀರು ಹಿಡಿಯಲ್ಲ ಅಂತ ತಾನೆ?

ಭಾವ: ಹನಿ ಕಟ್ಟೋಕೆ ಸುತ್ತ ಗಾಳಿ ಬೇಕು. ಮುಳುಗಿದ ತಳದಲ್ಲಿ ಗಾಳಿ ಎಲ್ಲಿದೆ? ತಳಕ್ಕೆ ತಾಗಿದ ನೀರಿನ ಪದರ ವ್ಯಾಕ್ಸ್ ಇದ್ರೂ ಇಲ್ದಿದ್ರೂ ದೋಣಿ ಜೊತೆಗೇ ಬರುತ್ತೆ. ಎಳೆತ ಹುಟ್ಟೋದು ಆ ಪದರಕ್ಕೂ ಅದರಾಚೆ ನೀರಿಗೂ ನಡುವೆ. ಲೆಕ್ಕಕ್ಕೆ ಬರೋದು ಒರಟುತನ ಮಾತ್ರ. 15 ಕಿ.ಮೀ. ವೇಗದಲ್ಲಿ ಸುಮಾರು 20 ಮೈಕ್ರಾನ್‌ಗಿಂತ (1,000 ಮೈಕ್ರಾನ್ ಅಂದ್ರೆ 1 ಮಿ.ಮೀ.) ಸಣ್ಣ ಗೀರು ನೀರಿಗೆ ಗೊತ್ತೇ ಆಗಲ್ಲ. 600 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ನಯವಾದ ಮರಳು ಕಾಗದ) ಬಿಡೋ ಗೀರು ಅದಕ್ಕಿಂತ ಸಣ್ಣದು. ಕಡಲೆಕಾಳಿನಷ್ಟಿರೋ ಒಂದು ಚಿಪ್ಪು 5,000 ಮೈಕ್ರಾನ್ ಮೇಲೆ!

ಚಿಕ್ಕಪ್ಪ: ಇಳಿತದ ಜೊತೆ ಅಳಿವೆ ಕಡೆ ಓಡಿಸಿ ಸ್ಪೀಡ್ ನೋಡೋದಲ್ಲ ಮಾರಾಯ. ಒಂದೇ ಲೋಡು, ಒಂದೇ ಥ್ರಾಟಲ್, ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ, ಎರಡರ ಸರಾಸರಿ ತೆಗಿ. ಮರದ ದೋಣಿಗೆ ಗೇರುಸಿಪ್ಪೆ ಎಣ್ಣೆ ಬಳೀತಿದ್ದದ್ದೂ ಮರ ಉಳಿಯೋಕೆ, ಓಟಕ್ಕಲ್ಲ.

ಅಕ್ಕ: ಹಾಗಾದ್ರೆ ವ್ಯಾಕ್ಸೇ ಬೇಡ್ವಾ? ಪಕ್ಕೆಗೆ ಕೈ ಒರೆಸಿದ್ರೆ ಸುಣ್ಣದ ಥರ ಬಿಳಿ ಪುಡಿ ಬರ್ತಿದೆ.

ಭಾವ: ನೀರುಗೆರೆಯ ಮೇಲೆ ಖಂಡಿತ ಬೇಕು. ಬಿಸಿಲಿಗೆ ಫೈಬರ್ ಮೇಲಿನ ಹೊಳಪು ಪದರ, ಅಂದ್ರೆ ಜೆಲ್‌ಕೋಟ್ ಸಾಯ್ತಿರೋ ಗುರುತು ಅದು. ಮೊದಲು ರಬ್ಬಿಂಗ್ ಕಾಂಪೌಂಡ್‌ನಿಂದ ಪುಡಿ ಪೂರ್ತಿ ತೆಗೀಬೇಕು. ಆಮೇಲೆ ನೆರಳಲ್ಲಿ ಎರಡೆರಡು ಅಡಿ ಜಾಗಕ್ಕೆ ತೆಳುವಾಗಿ ವ್ಯಾಕ್ಸ್, ಮಬ್ಬು ಕಟ್ಟಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸೋದು. ಬಿಸಿಲಲ್ಲಿ ಹಚ್ಚಿದ್ರೆ ಕಲೆ ಕಲೆಯಾಗಿ ಒಣಗಿ ಕೂರುತ್ತೆ. ಕಾಲಿಡೋ ಜಾಗಕ್ಕೆ ಒಂದು ಚೂರೂ ಬೇಡ, ಬಲೆ ಎಳೆಯೋವಾಗ ಜಾರ್ತಾರೆ. ಪಕ್ಕೆಗೆ ಒಂದು ಡಬ್ಬಿ ಸಾಕು.

ತಮ್ಮ: ತಳಕ್ಕೆ 600 ಪೇಪರ್ ಹೊಡೆದು ಹಾಗೇ ಬಿಡೋದಾ?

ಭಾವ: ದಿನಾ ದಡಕ್ಕೆ ಎಳೆಯೋ ದೋಣಿಗೆ ಅದು ಸರಿ. ನಮ್ಮದು ತಿಂಗಳುಗಟ್ಟಲೆ ಹೊಳೆಯಲ್ಲೇ ಇರುತ್ತೆ, ಆ್ಯಂಟಿಫೌಲಿಂಗ್ ಬಣ್ಣವೇ ಬೇಕು, ಅಂದ್ರೆ ಚಿಪ್ಪು ಕೂರದ ಹಾಗೆ ತಡೆಯೋ ಬಣ್ಣ. ವ್ಯಾಕ್ಸ್ ಕೆಳಗಿದ್ರೆ ಬಣ್ಣ ಹಪ್ಪಳದ ಹಾಗೆ ಏಳುತ್ತೆ. ಮೇಲಿದ್ರೆ ಬಣ್ಣದೊಳಗಿನ ತಾಮ್ರ ನೀರಿಗೆ ಬಿಡಲ್ಲ, ಚಿಪ್ಪು ಕೂರುತ್ತೆ. ಹೋದ ಸಲದ ವ್ಯಾಕ್ಸ್ ಇನ್ನೂ ಇದೆ, ಅದಕ್ಕೇ ನಂಗೆ ಭಯ.

ಚಿಕ್ಕಪ್ಪ: ಮೇಲೆ ಎಳೆದ ದಿನವೇ, ತಳ ಒದ್ದೆ ಇರೋವಾಗಲೇ ಕೆರೀರಿ, ಒಣಗಿದ್ರೆ ಚಿಪ್ಪು ಕಲ್ಲಾಗುತ್ತೆ. ಮರದ ಚಕ್ಕೆ ಸಾಕು, ಕತ್ತಿ ತಾಗಿಸ್ಬೇಡಿ. ಜೆಲ್‌ಕೋಟ್ ಸೀಳಿದ್ರೆ ಫೈಬರ್ ನೀರು ಕುಡಿಯುತ್ತೆ.

ಭಾವ: ಹೌದು. ಸಿಹಿನೀರಲ್ಲಿ ತೊಳೆದು ಒಣಗಿಸಿ, ಅಸಿಟೋನ್ ಹಾಕಿ ಒರೆಸಬೇಕು. ಬಟ್ಟೆ ಆಗಾಗ ಬದಲಿಸಿ, ಇಲ್ಲಾಂದ್ರೆ ವ್ಯಾಕ್ಸ್ ಇಲ್ಲಿಂದ ಅಲ್ಲಿಗೆ ಹರಡುತ್ತೆ ಅಷ್ಟೇ. ಒರೆಸದೆ ಮೊದಲೇ ಪೇಪರ್ ಹೊಡೆದ್ರೆ ಗೀರಿನೊಳಗೆ ಇಳಿದು ಕೂರುತ್ತೆ. ನೀರು ಹಾಕಿ ನೋಡಿ: ಹನಿ ಕಟ್ಟದೆ ಹಾಳೆಯಾಗಿ ಹರಿದ್ರೆ ವ್ಯಾಕ್ಸ್ ಹೋಗಿದೆ. ಆಮೇಲೆ 80 ನಂಬರ್ ಪೇಪರ್, ಪ್ರೈಮರ್, ಎರಡು ಕೋಟ್ ಬಣ್ಣ.

ತಮ್ಮ: ಸರಿ ಭಾವ, ತಳಕ್ಕೆ ವ್ಯಾಕ್ಸ್ ಬೇಡ. ಉಳಿದ ಬಣ್ಣ ನೀರೊಳಗೆ ಇಳಿಯೋ ಇಂಜಿನ್ ಕಾಲಿಗೂ ಬಳಿದುಬಿಡ್ಲಾ?

ಭಾವ: ಬೇಡ ಬೇಡ! ಅದು ಅಲ್ಯೂಮಿನಿಯಂ. ತಾಮ್ರದ ಬಣ್ಣ ಉಪ್ಪುನೀರಲ್ಲಿ ಅದನ್ನ ತಿಂದುಹಾಕುತ್ತೆ. ಇಂಜಿನ್ ಕೂರಿಸೋ ಜಾಗದ ಸುತ್ತಲೂ ಎರಡು ಬೆರಳು ಖಾಲಿ ಬಿಡು.